ಓದುಗರ ಸ್ಪಂದನ: ಮನೆಯ ಶಾಂತಿಗಾಗಿ ಮತ್ತೆ ದೀಕ್ಷಾಸ್ನಾನವೇ?

ಬಾಗಲಕೋಟೆಯ ತಾಯಿಯೊಬ್ಬರ ಪತ್ರ ಕಳೆದ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಕೂಸಿದ್ದಾಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿನಲ್ಲಿ ಅವರಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ, ಆಗಿದೆ. ಮದುವೆಯ ನಂತರ ಗಂಡ, ನಂಬಿದ ದೊಡ್ಡವರಿಗೆ ಮಾತ್ರ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಪೆಂತೆಕೋಸ್ತ ಸಭೆ ಸೇರಿ, "ನಿನ್ನದು ಲೆಕ್ಕಕ್ಕಿಲ್ಲ, ಘಟಪ್ರಭೆಯಲ್ಲಿ ಮುಳುಗಿ ಏಳು" ಎನ್ನುತ್ತಿದ್ದಾರೆ. ಎಳೆಯ ಮಗನಿಗೆ ಈಗಲೇ ದೀಕ್ಷಾಸ್ನಾನ ಮಾಡಿಸಬೇಕೆಂದು ತವರಿನವರ ಹಟ. "ಮನೆಯ ಶಾಂತಿಗಾಗಿ ಮುಳುಗಿಬಿಡಲೇ?" ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ನಿಮ್ಮ ಪತ್ರ ಓದಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮದು ಬಾಸೆಲ್ ಮಿಶನ್ ಕಾಲದ ಸಭೆ. ನನ್ನ ದೀಕ್ಷಾಸ್ನಾನದ ದಿನ ಅವ್ವ ಹೊಲಿದ ಬಿಳಿ ಅಂಗಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಕೊರಳಿಗೆ ಖಣದ ಸಣ್ಣ ಅಂಚು, ಬೆನ್ನ ಹಿಂದೆ ಕಟ್ಟುವ ಕಸಿ. ಮದುವೆಯಾದ ಮೇಲೆ ನಮ್ಮ ಯಜಮಾನರ ಒತ್ತಾಯಕ್ಕೆ ಅವರ ಸಭೆಯ ಸಿಮೆಂಟಿನ ತೊಟ್ಟಿಗೆ ಇಳಿದೆ. "ಯೇಸುವನ್ನು ನಂಬುತ್ತೀಯಾ?" ಎಂದು ಪಾಸ್ಟರ್ ಕೇಳಿದರು. ಆ ಪ್ರಶ್ನೆಗೆ ದೃಢೀಕರಣದ (ಬೆಳೆದ ಮೇಲೆ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ವಿಧಿಯ) ದಿನವೇ ಸಭೆಯೆದುರು ನಿಂತು ಉತ್ತರ ಕೊಟ್ಟವಳು ನಾನು. ಸುದ್ದಿ ತಿಳಿದು ಅವ್ವ ಒಂದೇ ಮಾತು ಕೇಳಿದಳು: "ಹಂಗಾರ ನಾ ನಿನ್ನ ಎತ್ಗೊಂಡು ನಿಂತು ದೇವರಿಗೆ ಕೊಟ್ಟ ಮಾತು ಸುಳ್ಳಾತೇನ?" ನನ್ನಲ್ಲಿ ಉತ್ತರ ಇರಲಿಲ್ಲ. ಅವ್ವ ಈಗಿಲ್ಲ. ಆ ಸಭೆಯವರು ಒಳ್ಳೆಯವರು, ನನ್ನ ಹೆರಿಗೆಗೆ, ಬೇನೆಗೆ ಓಡಿ ಬಂದವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನ ದೇವರ ಮುಂದೆ ನಾನು ಗಂಡನ ಸಲುವಾಗಿ ನಿಂತೆನಲ್ಲ, ಆ ನೋವು ಹೋಗಿಲ್ಲ. ಶಾಂತಿಯೂ ಬರಲಿಲ್ಲ. ಮುಂದೆ ಕುಂಕುಮದ ಮಾತು, ಆಮೇಲೆ ತವರಿನ ಕ್ರಿಸ್ಮಸ್‌ನ ಮಾತು ಶುರುವಾಯಿತು.
– ಓದುಗರು, ಗುಳೇದಗುಡ್ಡ

ಗಂಡನ ಜೊತೆ ಕೂತು ಮಾತಾಡುವುದನ್ನು ಬಿಟ್ಟು ಪತ್ರಿಕೆಗೆ ಬರೆದಿದ್ದೀರಿ. ಮನಸ್ಸಿಲ್ಲದವರನ್ನು ನೀರಿಗಿಳಿಸುವ ಪಾಸ್ಟರಾದರೂ ಎಂಥವರು?
– ಓದುಗ, ವಿಜಯಪುರ

ಮಾತು ಬಿರುಸಾಗಿದೆ. ಎರಡನೆಯ ಪ್ರಶ್ನೆ ಮಾತ್ರ ಕೇಳಬೇಕಾದದ್ದೇ. ಅದಕ್ಕೆ, ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ವಿಶ್ವಾಸಿಗಳ ಸಭೆಯವರೊಬ್ಬರು ಹೀಗೆ ಬರೆದಿದ್ದಾರೆ.

ನಮ್ಮದು ಹಟ ಎಂದು ತಿಳಿಯಬೇಡಿ. ಯೇಸುವಿನ ಶಿಷ್ಯ ಪೇತ್ರನು ಮೊದಲು ಮಾನಸಾಂತರ, ಅಂದರೆ ಪಾಪ ಬಿಟ್ಟು ದೇವರ ಕಡೆ ತಿರುಗುವುದು, ಆಮೇಲೆ ದೀಕ್ಷಾಸ್ನಾನ ಎಂದ (ಬೈಬಲಿನ ಅಪೊಸ್ತಲರ ಕೃತ್ಯಗಳು 2:38). ಕೂಸು ಮಾನಸಾಂತರ ಪಡುವುದು ಹೇಗೆ? ಅದಕ್ಕೇ ನಾವು ಕೂಸನ್ನು ಪ್ರಾರ್ಥಿಸಿ ದೇವರಿಗೆ ಒಪ್ಪಿಸುತ್ತೇವೆ, ನೀರು ಮುಟ್ಟಿಸುವುದಿಲ್ಲ. ದೊಡ್ಡವರಾಗಿ ಪಡೆದದ್ದನ್ನು ನಾವು ಎರಡನೆಯದೆಂದು ಎಣಿಸುವುದೂ ಇಲ್ಲ. ಈ ನಂಬಿಕೆಗಾಗಿ 1527ರಲ್ಲಿ ಜ್ಯೂರಿಕ್‌ನಲ್ಲಿ ಫೆಲಿಕ್ಸ್ ಮಾನ್ಜ್ ಅವರನ್ನು ನದಿಯಲ್ಲಿ ಮುಳುಗಿಸಿ ಕೊಂದರು. ಆದರೆ ಗಂಡ ಕರೆತಂದ ಎಂದು ಬರುವ ಹೆಣ್ಣುಮಗಳನ್ನು ನಮ್ಮ ಹಿರಿಯರು ವಾಪಸು ಕಳಿಸುತ್ತಾರೆ. ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ.
– ಓದುಗ, ಗೋಕಾಕ

ನಾನು ಕಥೋಲಿಕಳು, ನರ್ಸ್. ಕೂಸನ್ನು ಕಾಯಿಸಬೇಡಿ. ಉಸಿರು ಸಿಕ್ಕಿಕೊಂಡ ಕೂಸಿಗೆ ಪಾದ್ರಿ ಬರುವವರೆಗೆ ಕಾಯದೆ, ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರೆರೆದು ಜ್ಞಾನಸ್ನಾನ (ದೀಕ್ಷಾಸ್ನಾನಕ್ಕೆ ನಮ್ಮ ಹೆಸರು) ಕೊಟ್ಟಿದ್ದೇನೆ. ತುರ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು.
– ಓದುಗರು, ಬೆಳಗಾವಿ

ನರ್ಸ್ ಅಕ್ಕನವರ ಕಳಕಳಿ ದೊಡ್ಡದು. ಬಾಗಲಕೋಟೆಯ ಮಗು ದೇವರ ದಯೆಯಿಂದ ಆರೋಗ್ಯವಾಗಿದೆ. ನಿವೃತ್ತ ಸಭಾಪಾಲಕರೊಬ್ಬರ ಪತ್ರವನ್ನು ಪೂರ್ತಿ ಕೊಡುತ್ತಿದ್ದೇವೆ.

ಇಲ್ಲಿ ಎರಡು ಜಗಳ ಒಂದಾಗಿವೆ: ಎಷ್ಟು ನೀರು, ಯಾವ ವಯಸ್ಸು. ಆರ್ಥೊಡಾಕ್ಸ್ ಸಭೆಗಳು ಕೂಸನ್ನೇ ಮೂರು ಸಲ ಮುಳುಗಿಸುತ್ತವೆ. ಬೈಬಲಿನಲ್ಲಿ ಫಿಲಿಪ್ಪಿ ಪಟ್ಟಣದ ಸೆರೆಮನೆಯ ಯಜಮಾನ ಮನೆಯವರೆಲ್ಲರ ಸಹಿತ ದೀಕ್ಷಾಸ್ನಾನ ಪಡೆದ. ಆ ಮನೆಯಲ್ಲಿ ಕೂಸುಗಳಿದ್ದವೋ ಇಲ್ಲವೋ ವಚನ ಹೇಳುವುದಿಲ್ಲ. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಹಲವು ಸಭೆಗಳವರು ಕೂಡಿ ಒಪ್ಪಿದ ಬರಹ, ಮರುದೀಕ್ಷಾಸ್ನಾನವೆಂದು ಕಾಣುವುದನ್ನು ಮಾಡಬಾರದು ಎನ್ನುತ್ತದೆ. ನೀವು ನಾಳೆ ಕಥೋಲಿಕ ಸಭೆಗೆ ಹೋದರೂ, ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ) ಹೆಸರಿನಲ್ಲಿ ನೀರಿನಿಂದ ಆದ ನಿಮ್ಮ ದೀಕ್ಷಾಸ್ನಾನವನ್ನು ಅವರು ಮತ್ತೆ ಮಾಡುವುದಿಲ್ಲ. 1970ರಲ್ಲಿ, ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟರನ್ನೂ ಕೂಡಿಸಿಕೊಂಡು ಹುಟ್ಟಿದ ಉತ್ತರ ಭಾರತ ಸಭೆಯಲ್ಲಿ ಕೂಸಿನ ದೀಕ್ಷಾಸ್ನಾನಕ್ಕೂ ದೊಡ್ಡವರ ದೀಕ್ಷಾಸ್ನಾನಕ್ಕೂ ಜಾಗವಿದೆ. ಒಂದು ಸಭೆ ಹೊಂದಿಕೊಂಡದ್ದು ಒಂದು ಮನೆಗೆ ಆಗದೇ? ಮಗನ ಮಾತನ್ನು ಗಂಡಹೆಂಡತಿ ಇಬ್ಬರೂ ಕೂಡಿ ತೀರ್ಮಾನಿಸಿ. ನಿಮ್ಮದು ಆಗಿದೆ, ಅಮ್ಮಾ.
– ಓದುಗರು, ಬೆಳಗಾವಿ

ಪ್ರಕಟವಾಗದ ಪತ್ರಗಳನ್ನೂ ಆ ತಾಯಿಗೆ ತಲುಪಿಸಿದ್ದೇವೆ. ಗೋಕಾಕದ ಪತ್ರದ ಇನ್ನೊಂದು ಪ್ರತಿಯನ್ನು ಅವರ ಯಜಮಾನರ ಹೆಸರಿಗೂ ಕಳಿಸಿದೆ.