ಮೂರು ಡಬ್ಬಿಯ ಕ್ಯಾರಿಯರ್

“ಎಫೆಕ್ಟ್ ಬಂತಾ?” ಅಂತ ಕೇಳಿದ್ದೇ ತಪ್ಪಾಯಿತು. ಸತೀಶ ಕಾಫಿ ಲೋಟ ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದ. ಅಕ್ಕನ ಸೀಮಂತದ ವಿಡಿಯೊದಲ್ಲಿ ಆರತಿ ದೀಪಕ್ಕೆ ಒಂಚೂರು ಹೊಳಪು ಬರಲಿ ಅಂತ ಮೂರು ದಿನದಿಂದ ನೇಟ್ರಾನ್ ಅನ್ನೋ ವಿಡಿಯೊ ಎಫೆಕ್ಟ್ ಸಾಫ್ಟ್‌ವೇರ್ ಜೊತೆ ಗುದ್ದಾಡುತ್ತಿದ್ದಾನೆ.

“ಅದರಲ್ಲೇ ಹೊಳಪು ಕೊಡೋ ಬ್ಲೂಮ್ ಇದೆಯಲ್ಲೋ,” ಎಂದ ನಾಗ.

“ಇದೆ. ಆದ್ರೆ ಹೊರಗಿನವರ ಗ್ಲೋ ಪ್ಲಗಿನ್ ಇನ್ನೂ ಚೆನ್ನಾಗಿರುತ್ತೆ.”

“ಸರಿ. ಮನೆ ಉಪ್ಪಿಟ್ಟು ಬಿಟ್ಟು ಹೋಟೆಲ್ ಉಪ್ಪಿಟ್ಟಿಗೆ ಹೋದವನ ಕಥೆ.”

ಗುರುವಿಗೆ ಇಷ್ಟು ಸಾಕು, ಪಾಠ ಶುರು. “ಓಪನ್ಎಫ್ಎಕ್ಸ್, ಚಿಕ್ಕದಾಗಿ ಓಎಫ್ಎಕ್ಸ್, ಅನ್ನೋದು 2004ರಿಂದ ಇರೋ ಒಪ್ಪಂದ. ಅದರ ಪ್ರಕಾರ ಪ್ಲಗಿನ್, ಅಂದ್ರೆ ಹೊರಗಿಂದ ಸೇರಿಸೋ ತುಣುಕು, ಬರೆದರೆ ನ್ಯೂಕ್, ರಿಸಾಲ್ವ್, ನೇಟ್ರಾನ್ ಅಂಥ ವಿಡಿಯೊ ಸಾಫ್ಟ್‌ವೇರ್ ಎಲ್ಲಾ ಕಡೆ ನಡೀಬೇಕು.”

“ನಡೀಬೇಕು. ನನ್ನ ಉಬುಂಟು ಲಿನಕ್ಸ್‌ನಲ್ಲಿ ಕುಂಟ್ತಾನೂ ಇಲ್ಲ. ಮೆನುವಿನಲ್ಲಿ ಹೆಸರೇ ಇಲ್ಲ, ಮಾರಾಯ!”

“ಎಲ್ಲಿ ಹಾಕಿದೀಯ?”

ತೋರಿಸಿದ. ಯುಎಸ್ಆರ್ ಒಳಗೆ ಓಎಫ್ಎಕ್ಸ್, ಅದರೊಳಗೆ ಪ್ಲಗಿನ್ಸ್. ಜಾಗವೇನೋ ಸರಿ. ಆದರೆ ಅಲ್ಲಿ ಒಂದೇ ಒಂದು ಫೈಲ್ ಒಂಟಿಯಾಗಿ ಕೂತಿತ್ತು, ಮದುವೆ ಮುಗಿದ ಮೇಲೂ ಮಂಟಪದಲ್ಲಿ ಉಳಿದ ನೆಂಟನ ಹಾಗೆ.

ಗುರು ಡೌನ್‌ಲೋಡ್ ಮಾಡಿದ ಜಿಪ್ ಬಿಚ್ಚಿದ. ಕೊನೆಯಲ್ಲಿ ‘.ಓಎಫ್ಎಕ್ಸ್.ಬಂಡಲ್’ ಅಂತಿರುವ ಫೋಲ್ಡರ್. ಅದರೊಳಗೆ ‘ಕಂಟೆಂಟ್ಸ್’. ಅದರೊಳಗೆ ಮತ್ತೆ ಮೂರು: ‘ವಿನ್64’, ‘ಮ್ಯಾಕ್ಓಎಸ್’, ‘ಲಿನಕ್ಸ್-ಎಕ್ಸ್86-64’.

“ನೋಡು, ಇದು ಊಟದ ಕ್ಯಾರಿಯರ್. ವಿಂಡೋಸ್‌ನವರಿಗೆ ಒಂದು ಡಬ್ಬಿ, ಮ್ಯಾಕ್‌ನವರಿಗೆ ಒಂದು, ನಮಗೆ ಒಂದು. ಕ್ಯಾರಿಯರ್ ಪೂರ್ತಿ ತಂದಿಟ್ಟರೆ ನೇಟ್ರಾನ್ ತನ್ನ ಡಬ್ಬಿ ತಾನೇ ಹುಡುಕಿಕೊಳ್ಳುತ್ತೆ. ನೀನು ಮೇಲಿನ ಡಬ್ಬಿ ಮಾತ್ರ ಕಿತ್ತು ತಂದಿದೀಯ. ಅದೂ ವಿಂಡೋಸ್‌ನವರದ್ದು.”

“ಪಕ್ಕದ ಮನೆ ಸಾರು,” ಎಂದ ನಾಗ.

ಬಂಡಲ್ ಪೂರ್ತಿ ಕಾಪಿ ಮಾಡಲು ಹೋದರೆ ಅನುಮತಿ ಇಲ್ಲ ಎಂದಿತು. ಯಜಮಾನನ ಅಧಿಕಾರ ಕೊಡೋ ‘ಸುಡೋ’ ಆಜ್ಞೆ ಹಾಕಿದೆವು. ಸತೀಶನಿಗೆ ಪಾಸ್‌ವರ್ಡ್ ಮರೆತಿತ್ತು. ಅದು ನೆನಪಾಗುವಷ್ಟರಲ್ಲಿ ಎರಡನೇ ಸುತ್ತಿನ ಕಾಫಿಯೂ ಮುಗಿಯಿತು. ನೇಟ್ರಾನ್ ಮುಚ್ಚಿ ಮತ್ತೆ ತೆರೆದರೆ, ಅಬ್ಬಾ, ಮೆನುವಿನಲ್ಲಿ ಹೆಸರು ಬಂದಿದೆ! ಸತೀಶ ಗ್ಲೋದ ಚೌಕ, ಅಂದರೆ ನೋಡ್, ಎಳೆದು, ವಿಡಿಯೊದಿಂದ ಗ್ಲೋಗೆ, ಗ್ಲೋದಿಂದ ವ್ಯೂವರ್‌ಗೆ ದಾರ ಕಟ್ಟಿದ.

ದೀಪ ಹೊಳೆಯಿತು. ಜೊತೆಗೆ ಅಕ್ಕನ ಮುಖದ ಮೇಲೆ ಮೂಲೆಯಿಂದ ಮೂಲೆಗೆ ಒಂದು ದೊಡ್ಡ ಇಂಟು ಗುರುತೂ ಬಂತು.

“ಏನೋ ಇದು!”

“ಟ್ರಯಲ್ ಆವೃತ್ತಿ,” ಎಂದ ಗುರು. “ದುಡ್ಡು ಕೊಟ್ಟರೆ ಹೋಗುತ್ತೆ.”

“ನೇಟ್ರಾನ್ ಓಪನ್ ಸೋರ್ಸ್ ಅಲ್ವಾ? ಫ್ರೀ ಅಲ್ವಾ?”

“ಅದು ಫ್ರೀ. ಇದು ಹೊರಗಿನವರದ್ದು. ಮನೆ ಬಿಟ್ಟಿ, ಬಲ್ಬಿಗೆ ಬಾಡಿಗೆ.”

ನಾಗ ಪರದೆಯನ್ನೇ ನೋಡುತ್ತಿದ್ದ. “ಇರಲಿ ಬಿಡೋ. ಬಸುರಿ ಹೆಂಗಸು. ದೃಷ್ಟಿ ಆಗಲ್ಲ.”

ಸತೀಶ ಮಾತಾಡದೆ ನೋಡ್ ಅಳಿಸಿ ಬ್ಲೂಮ್ ಹಾಕಿದ. ಐದೇ ನಿಮಿಷ. ರಾತ್ರಿ ಅಕ್ಕನಿಗೆ ಕಳಿಸಿದ. ಉತ್ತರವೂ ಬಂತು: “ಚೆನ್ನಾಗಿದೆ. ದೀಪಕ್ಕೆ ಎಣ್ಣೆ ಜಾಸ್ತಿ ಹಾಕಿದ್ರಾ?”