ಮಳೆಗಾಲಕ್ಕೆ ಹೀಟ್ ಪಂಪ್ ವಾಷರ್ ಡ್ರೈಯರ್ ತಗೊಳ್ಬಹುದಾ? ಇಲ್ಲಿ ಯಾರಾದ್ರೂ ಇಟ್ಟವರು ಇದ್ದೀರಾ?

ಗೋಳಿಬಜೆ_ಕದ್ರಿ:

ನಮಸ್ಕಾರ ಎಲ್ರಿಗೂ. ನಾವಿರುದು ಕದ್ರಿ ಹತ್ರ ಫ್ಲ್ಯಾಟಲ್ಲಿ, ನಾಲ್ಕನೇ ಮಾಳಿಗೆ. ನಾನು, ಹೆಂಡ್ತಿ, ಅತ್ತೆ, ಮತ್ತೆ ಎಂಟು ತಿಂಗಳ ಮಗು. ಕಳೆದ ಮಳೆಗಾಲ ಹೇಗೆ ಕಳ್ದೆವು ಅಂತ ನಮಗೇ ಗೊತ್ತು ಮಾರಾಯ್ರೆ. ಟೆರೇಸಲ್ಲಿ ಶೀಟ್ ಹಾಕಿದ ಜಾಗ ಉಂಟು, ಆದ್ರೆ 24 ಮನೆಗೆ ಆರು ಹಗ್ಗ, ಬೆಳಿಗ್ಗೆ ಬೇಗ ಎದ್ದು ಹೋದವನಿಗೆ ಸಿಕ್ಕಿತು ಇಲ್ಲದಿದ್ರೆ ಇಲ್ಲ, ಸಿಕ್ಕಿದ್ರೂ ಗಾಳಿ ಬಂದ್ರೆ ಇರಚಲು ಹೊಡೆದು ಒಣಗಿದ್ದು ಕೂಡ ಪುನಃ ಚಂಡಿ. ಹಾಲಲ್ಲಿ ಫ್ಯಾನ್ ಅಡಿ ಸ್ಟ್ಯಾಂಡ್ ಇಟ್ರೆ ಮೂರು ದಿನ ಆದ್ರೂ ಬೈರಾಸು (ಟವೆಲ್) ಒಣಗುದಿಲ್ಲ, ಮುಗ್ಗು ವಾಸನೆ ಬೇರೆ. ಮಗುವಿನ ಬಟ್ಟೆ ಎಲ್ಲ ಇಸ್ತ್ರಿ ಹಾಕಿ ಹಾಕಿ ಒಣಗಿಸಿದ್ದು.

ಈಗ ನಮ್ಮ ಹಳೆ ಮೆಷಿನ್ ಕೂಡ ಬದಲಿಸುವ ಟೈಮ್ ಬಂತು. ಶೋರೂಮಿಗೆ ಹೋದ್ರೆ ಅಲ್ಲಿಯ ಹುಡುಗ ಒಂದೇ ಮೆಷಿನಲ್ಲಿ ಒಗೆದು ಒಣಗಿಸಿ ಕೊಡ್ತದೆ ಸರ್, ಹೀಟ್ ಪಂಪ್, ಕರೆಂಟೇ ತಿನ್ನುದಿಲ್ಲ ಅಂತ ಹೇಳ್ದ. ಮಾಮೂಲಿ ವಾಷರ್ ಡ್ರೈಯರ್‌ಗಿಂತ ಸುಮಾರು 30 ಸಾವಿರ ಜಾಸ್ತಿ. ಹೀಟ್ ಪಂಪ್ ಅಂದ್ರೆ ಎಂತ ಅಂತ ಕೇಳಿದ್ದಕ್ಕೆ "ಟೆಕ್ನಾಲಜಿ ಸರ್" ಅಂದ. ಮತ್ತೆ ನಾನು ಎಂತ ಕೇಳುದು.

ಇಟ್ಟವರು ಚೂರು ಹೇಳಿ. ನಿಜವಾಗ್ಲೂ ಒಣಗ್ತದಾ, ಕರೆಂಟ್ ಎಷ್ಟು, ಹಾಳಾದ್ರೆ ರಿಪೇರಿ ಮಾಡುವವರು ನಮ್ಮಲ್ಲಿ ಇದ್ದಾರಾ.

ಮಣಿಪಾಲ_ಮಳೆ:

ನನ್ನದು ಹೀಟ್ ಪಂಪ್ ಅಲ್ಲ, ಹೀಟರ್ ಇರುವ ಕಾಂಬೋ, ಅಂದ್ರೆ ಒಗೆಯುದು ಒಣಗಿಸುದು ಎರಡೂ ಒಂದೇ ಮೆಷಿನಲ್ಲಿ, ಮೂರು ವರ್ಷ ಆಯ್ತು. ಆದ್ರೆ ಕಾಂಬೋ ಅಂದ್ರೆ ಕಾಂಬೋವೇ, ಅದರದ್ದೇ ಕೆಲವು ಕಿರಿಕಿರಿ ಉಂಟು, ಅದು ಯಾವ ಪಂಪ್ ಹಾಕಿದ್ರೂ ಹೋಗುದಿಲ್ಲ. ಹೊರಗೆ 8 ಕೆಜಿ ಅಂತ ಬರೆದಿರ್ತದೆ, ಅದು ಒಗೆಯಲಿಕ್ಕೆ. ಒಣಗಿಸ್ಲಿಕ್ಕೆ 5 ಕೆಜಿ ಮಾತ್ರ. ಅಂದ್ರೆ ಡ್ರಮ್ ತುಂಬ ಹಾಕಿದ್ರೆ ಒಗೆದು ಮುಗಿಯುವಾಗ ನೀವು ಬಂದು ಅರ್ಧ ಬಟ್ಟೆ ತೆಗೀಬೇಕು, ಮತ್ತೆ ಡ್ರೈ ಹಾಕ್ಬೇಕು. ರಾತ್ರಿ ಹಾಕಿ ಮಲಗಿ ಬೆಳಿಗ್ಗೆ ಒಣಗಿದ್ದು ತೆಗೀಬಹುದು ಅಂತ ಜಾಹೀರಾತಲ್ಲಿ ತೋರಿಸ್ತಾರಲ್ಲ, ಅದು ಐದು ಕೆಜಿ ಒಳಗೆ ಹಾಕಿದವರಿಗೆ.

ಇನ್ನೊಂದು, ಒಣಗುವಷ್ಟು ಹೊತ್ತು ಮೆಷಿನ್ ಬ್ಲಾಕ್. ನನ್ನದರಲ್ಲಿ ಒಗೆದು ಒಣಗಿಸಿ ಆಗ್ಲಿಕ್ಕೆ ಹತ್ತಿರ ಹತ್ತಿರ ಆರು ಗಂಟೆ ಹೋಗ್ತದೆ. ಮಗು ಇರುವ ಮನೆಯಲ್ಲಿ ಎರಡನೇ ಲೋಡ್ ಎಲ್ಲಿ ಹಾಕ್ತೀರಿ? ಮಧ್ಯದಲ್ಲಿ ಕರೆಂಟ್ ಹೋದ್ರೆ ಕೆಲವು ಸಲ ಬಾಗಿಲು ಲಾಕ್ ಆಗಿ ಬಿಸಿ ಬಿಸಿ ಚಂಡಿ ಬಟ್ಟೆ ಒಳಗೆ, ನಾವು ಹೊರಗೆ. ನಮ್ಮ ಫ್ಲ್ಯಾಟಿನ ಜನರೇಟರಲ್ಲಿ ಹಾಕಿದ್ರೆ ಟ್ರಿಪ್, ಹೀಟರ್ 1500 ವ್ಯಾಟ್ ಮೇಲೆ ಎಳೀತದಲ್ಲ.

ಮತ್ತೆ ಕೆಲವರಿಗೆ ಗೊತ್ತಿಲ್ಲ, ಹೀಟರ್ ಕಾಂಬೋ ಒಣಗಿಸುವಾಗ ಕೂಡ ನಲ್ಲಿ ನೀರು ತಗೊಳ್ತದೆ. ಒಳಗಿನ ಆವಿಯನ್ನು ತಣ್ಣಗೆ ಮಾಡ್ಲಿಕ್ಕೆ ನೀರು ಬಿಡ್ತಾ ಇರುದು, ಆ ನೀರು ಹಾಗೇ ಚರಂಡಿಗೆ. ಮಳೆಗಾಲದಲ್ಲಿ ನೀರಿಗೆ ಬರ ಇಲ್ಲ ಬಿಡಿ, ಆದ್ರೂ ನೋಡುವಾಗ ಬೇಜಾರು.

ಇಷ್ಟೆಲ್ಲ ಹೇಳಿದೆ, ಆದ್ರೆ ಆಟಿ ತಿಂಗಳಲ್ಲಿ ಬೆಚ್ಚಗಿನ ಬೈರಾಸು ಕೈಗೆ ಸಿಗುವ ಸುಖ ಉಂಟಲ್ಲ, ಅದಕ್ಕೆ ಎಲ್ಲ ಮಾಫಿ.

ಫ್ರಿಡ್ಜ್_ಬಾವ:

ಸುರತ್ಕಲ್ ಬದಿಯಲ್ಲಿ ಫ್ರಿಡ್ಜ್ ಎಸಿ ಕೆಲಸ ಮಾಡುವವ ನಾನು, 20 ವರ್ಷ ಆಗ್ತಾ ಬಂತು. "ಟೆಕ್ನಾಲಜಿ ಸರ್" ಅಂದದ್ದು ಓದಿ ನಗು ಬಂತು. ಅದರೊಳಗೆ ಇರುದು ಒಂದು ಸಣ್ಣ ಫ್ರಿಡ್ಜ್, ಅಷ್ಟೇ. ಕಂಪ್ರೆಸರ್ ಉಂಟು, ಗ್ಯಾಸ್ ಉಂಟು, ತಣ್ಣಗಾಗುವ ಕಾಯಿಲ್ ಒಂದು, ಬಿಸಿ ಆಗುವ ಕಾಯಿಲ್ ಒಂದು. ಡ್ರಮ್ಮಿಂದ ಬಂದ ಚಂಡಿ ಗಾಳಿ ಮೊದಲು ತಣ್ಣಗಿನ ಕಾಯಿಲಿಗೆ ತಾಗ್ತದೆ, ತಣ್ಣಗಿನ ಸೋಡಾ ಬಾಟಲಿ ಹೊರಗೆ ಇಟ್ರೆ ಬೆವರ್ತದಲ್ಲ ಹಾಗೆ ನೀರು ಇಳೀತದೆ, ಆ ನೀರು ಪಂಪಲ್ಲಿ ಹೊರಗೆ. ಒಣಗಿದ ಗಾಳಿ ಬಿಸಿ ಕಾಯಿಲ್ ಮೇಲೆ ಹೋಗಿ ಪುನಃ ಡ್ರಮ್ಮಿಗೆ. ಅಂದ್ರೆ ಬಿಸಿ ಹೊರಗೆ ಬಿಸಾಡುದಿಲ್ಲ, ಅದನ್ನೇ ತಿರುಗಿಸಿ ತಿರುಗಿಸಿ ಉಪಯೋಗಿಸುದು.

ಕರೆಂಟ್ ಉಳಿಯುದು ಯಾಕೆ ಅಂದ್ರೆ, ಒಂದು ಲೀಟರ್ ನೀರು ಆವಿ ಮಾಡ್ಲಿಕ್ಕೆ 0.65 ಯುನಿಟ್‌ನಷ್ಟು ಬಿಸಿ ಬೇಕೇ ಬೇಕು, ಯಾವ ಕಂಪನಿ ಆದ್ರೂ. ಹೀಟರಲ್ಲಿ ಅಷ್ಟೂ ಕರೆಂಟಿಂದಲೇ ಬರ್ಬೇಕು, ಮೇಲಿಂದ ಲಾಸ್ ಬೇರೆ. ಹೀಟ್ ಪಂಪಲ್ಲಿ ಆವಿ ನೀರಾಗುವಾಗ ಬಿಟ್ಟ ಬಿಸಿಯನ್ನೇ ವಾಪಸ್ ಹಿಡಿಯುದರಿಂದ ಅರ್ಧಕ್ಕಿಂತ ಕಮ್ಮಿ ಕರೆಂಟಲ್ಲಿ ಕೆಲಸ ಆಗ್ತದೆ. ಅದಕ್ಕೇ ನಾನು ಎಲ್ರಿಗೂ ಹೇಳುದು, ಮೊದಲು ಸ್ಪಿನ್ ಜಾಸ್ತಿ ಮಾಡಿ. ಐದು ಕೆಜಿ ಬಟ್ಟೆಗೆ 800 ಸ್ಪಿನ್ (ನಿಮಿಷಕ್ಕೆ 800 ಸುತ್ತು) ಹಾಕಿದ್ರೆ ಮೂರೂವರೆ ಲೀಟರ್ ನೀರು ಒಳಗೆ ಉಳೀತದೆ, 1400 ಹಾಕಿದ್ರೆ ಎರಡೂವರೆ. ಆ ಒಂದು ಲೀಟರನ್ನು ತಿರುಗಿಸಿ ಎಸೆಯುವ ಖರ್ಚು ಏನೂ ಅಲ್ಲ, ಬಿಸಿ ಮಾಡಿ ಓಡಿಸುದು ಖರ್ಚು.

ಇನ್ನು ತೊಂದರೆಗೆ ಬರ್ತೇನೆ. ದೊಡ್ಡ ಶತ್ರು ನಯ, ಬಟ್ಟೆಯ ನೂಲಿನ ಪುಡಿ. ಅದು ಫಿಲ್ಟರ್ ತಪ್ಪಿಸಿ ಹೋಗಿ ತಣ್ಣಗಿನ ಕಾಯಿಲಿನ ರೆಕ್ಕೆಗೆ ಅಂಟ್ತದೆ, ಅಲ್ಲಿ ಯಾವಾಗ್ಲೂ ಚಂಡಿ, ಕಂಬಳಿ ಹಾಗೆ ಕೂತ್ಕೊಳ್ತದೆ. ಗಾಳಿ ಹೋಗುದಿಲ್ಲ, ಮೂರು ಗಂಟೆಯ ಕೆಲಸ ಐದು ಗಂಟೆ, ವಾಸನೆ ಬೇರೆ. ಬರೀ ಡ್ರೈಯರ್ ಆದ್ರೆ ಮುಂದೆ ಫಿಲ್ಟರ್ ಕೈಗೆ ಸಿಗ್ತದೆ, ಪ್ರತಿ ಸಲ ತೆಗೆದು ಕೊಡವಿದ್ರೆ ಮುಗೀತು. ಕಾಂಬೋದಲ್ಲಿ ಅದೇ ಡ್ರಮ್ಮಲ್ಲಿ ಒಗೆಯುದು ಕೂಡ ಆದ್ದರಿಂದ ನಯ ಚಂಡಿಯಾಗಿ ಹಿಟ್ಟಿನ ಹಾಗೆ ಅಂಟ್ತದೆ, ಕಾಯಿಲ್ ಎಲ್ಲೋ ಒಳಗೆ. "ತಾನೇ ಕ್ಲೀನ್ ಮಾಡ್ಕೊಳ್ತದೆ" ಅಂತ ಹೇಳಿದ್ರೆ ಪೂರ್ತಿ ನಂಬ್ಬೇಡಿ. ಕೊರಿಯಾದಲ್ಲಿ 2019ರಲ್ಲಿ ಅಂಥ ಕಾಯಿಲ್ ಸರಿ ಕ್ಲೀನ್ ಆಗುದಿಲ್ಲ ಅಂತ ದೂರು ಬಂದು, 14.5 ಲಕ್ಷ ಡ್ರೈಯರ್‌ಗೆ ಫ್ರೀ ರಿಪೇರಿ ಮಾಡಿಕೊಡಿ ಅಂತ ಅಲ್ಲಿಯ ಗ್ರಾಹಕ ಸಂಸ್ಥೆ ಕಂಪನಿಗೆ ಹೇಳ್ಬೇಕಾಯ್ತು.

ಗ್ಯಾಸ್ ಲೀಕಾದ್ರೆ ಯಾರನ್ನೋ ಕರೆದು ತುಂಬಿಸ್ಬೇಡಿ. ಕೆಲವು ಮೆಷಿನಲ್ಲಿ ಆರ್290, ಅಂದ್ರೆ ಪ್ರೋಪೇನ್, ಅಡುಗೆ ಗ್ಯಾಸಿನ ತಮ್ಮ. ಅದರ ಹತ್ರ ಟಾರ್ಚ್ ಹಚ್ಚುವವನಿಗೆ ಕೆಲಸ ಗೊತ್ತಿರ್ಬೇಕು.

ಹಂಡೆ_ಒಲೆ:

ಹ್ವಾಯ್, ನಾವ್ ಬೈಂದೂರ್ ಬದಿಯವ್ರ್. ಬಚ್ಚಲ್ ಒಲಿ ಮೇಲ್ ಎರಡ್ ಬಿದಿರ್ ಕಟ್ಟಿ ಬಟ್ಟಿ ಹಾಕ್ರೆ ಸಂಜಿಗೆ ಗರಿ ಗರಿ. ಕರೆಂಟೂ ಬ್ಯಾಡ, ಗ್ಯಾಸೂ ಬ್ಯಾಡ. ಅಂಗಿ ಹೊಗಿ ವಾಸ್ನಿ ಬತ್ತ್, ಅದೊಂದ್ ಕಾಣಿ.

ಗೋಳಿಬಜೆ_ಕದ್ರಿ:

@ಹಂಡೆ_ಒಲೆ ನಾಲ್ಕನೇ ಮಾಳಿಗೆಯಲ್ಲಿ ಒಲೆ ಹಚ್ಚಿದ್ರೆ ಅಸೋಸಿಯೇಷನ್‌ನವರು ನಮ್ಮನ್ನೇ ಒಣಗಿಸ್ತಾರೆ.

@ಫ್ರಿಡ್ಜ್_ಬಾವ ಥ್ಯಾಂಕ್ಸ್ ಬಾವ, ಈಗ ಅರ್ಥ ಆಯ್ತು. ಆದ್ರೆ ಕರೆಂಟ್ ಉಳಿಯುದು 30 ಸಾವಿರಕ್ಕೆ ಸಮ ಆಗ್ತದಾ?

ಯುನಿಟ್_ಲೆಕ್ಕ:

ಇಲ್ಲೇ ಒಂದು ಮಜಾ ಉಂಟು. ಸುಮ್ಮನೆ ಲೆಕ್ಕ ಹಾಕಿದ್ರೆ ಸಮ ಆಗುದೇ ಇಲ್ಲ. ಒಂದು ಲೋಡ್ ಒಣಗಿಸ್ಲಿಕ್ಕೆ ಹೀಟರಿಗೆ 4 ಯುನಿಟ್, ಹೀಟ್ ಪಂಪಿಗೆ ಒಂದೂವರೆ ಅಂತ ಇಟ್ಕೊಳ್ಳಿ, ತಿಂಗಳಿಗೆ 25 ಲೋಡ್, ಯುನಿಟಿಗೆ ಹೆಚ್ಚುಕಮ್ಮಿ 6 ರೂಪಾಯಿ. ತಿಂಗಳಿಗೆ ಉಳಿಯುದು 370 ಚಿಲ್ಲರೆ. ನಮಗೆ ಡ್ರೈಯರ್ ಬೇಕಾದ್ದು ಜೂನಿಂದ ಸೆಪ್ಟೆಂಬರ್, ನಾಲ್ಕೇ ತಿಂಗಳು, ಅಂದ್ರೆ ವರ್ಷಕ್ಕೆ 1500. 30 ಸಾವಿರ ವಾಪಸ್ ಬರ್ಲಿಕ್ಕೆ 20 ವರ್ಷ. ಅಷ್ಟರಲ್ಲಿ ನಿಮ್ಮ ಮಗುವಿಗೆ ಮದುವೆ ವಯಸ್ಸು.

ಆದ್ರೆ ನಿಮಗೆ ಗೃಹಜ್ಯೋತಿ ಉಂಟಾ? ಇದ್ರೆ ಲೆಕ್ಕವೇ ಬೇರೆ. 200 ದಾಟಿದ್ರೆ ದಾಟಿದ ಎರಡು ಯುನಿಟಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಬೇಕು. ಮಳೆಗಾಲದಲ್ಲಿ ಎಸಿ ಇಲ್ಲದೆ ನಿಮ್ಮ ಮನೆ 130 ಯುನಿಟ್ ಅಂತ ಹಿಡೀರಿ. ಹೀಟರ್ ಕಾಂಬೋ ಹಾಕಿದ್ರೆ 230, ಸೊನ್ನೆ ಬರ್ತಾ ಇದ್ದ ಬಿಲ್ಲು 1380 ಪ್ಲಸ್ ಫಿಕ್ಸೆಡ್ ಚಾರ್ಜ್ ಆಯ್ತು. ಹೀಟ್ ಪಂಪಾದ್ರೆ 168, ನಿಮ್ಮ ಸರಾಸರಿ ಪ್ರಕಾರ ಫ್ರೀ ಸಿಗುವ ಲಿಮಿಟ್ ದಾಟಿದ ಇಪ್ಪತ್ತೈದೋ ಮೂವತ್ತೋ ಯುನಿಟಿಗೆ ಮಾತ್ರ ದುಡ್ಡು. ಹಾಗೆ ನೋಡಿದ್ರೆ ವರ್ಷಕ್ಕೆ 5 ಸಾವಿರ ಉಳೀತದೆ, ಆರು ವರ್ಷದಲ್ಲಿ ಸಮ. ಹಳೆ ಮೆಸ್ಕಾಂ ಬಿಲ್ಲು ನಾಲ್ಕು ತೆಗೆದು ಒಮ್ಮೆ ನೋಡಿ, ಈಗಾಗಲೇ 200ರ ಮೇಲೆ ಇದ್ರೆ ನಾನು ಹೇಳಿದ ಮೊದಲ ಲೆಕ್ಕವೇ ನಿಮ್ಮದು.

ಅಂಬಾಗಿಲು_ಅಕ್ಕ:

ನಾವು ಆರು ವರ್ಷ ಜರ್ಮನಿಯಲ್ಲಿ ಇದ್ದು ಈಗ ಉಡುಪಿಯಲ್ಲಿ. ಅಲ್ಲಿಂದ ಇಲ್ಲಿವರೆಗೆ ನಂದು ಒಂದೇ ಹಟ, ಒಗೆಯುದು ಬೇರೆ ಒಣಗಿಸುದು ಬೇರೆ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಅದರ ಮೇಲೆ ಸ್ಟ್ಯಾಕಿಂಗ್ ಕಿಟ್ ಹಾಕಿ ಹೀಟ್ ಪಂಪ್ ಡ್ರೈಯರ್. ನೆಲದಲ್ಲಿ ತಗೊಳ್ಳುವ ಜಾಗ ಒಂದೇ ಮೆಷಿನಿನಷ್ಟು. ಕೆಳಗೆ ಎರಡನೇ ಲೋಡ್ ಒಗೀತಾ ಇರ್ತದೆ, ಮೇಲೆ ಮೊದಲಿನದ್ದು ಒಣಗ್ತಾ ಇರ್ತದೆ. ಒಂದು ಹಾಳಾದ್ರೆ ಇನ್ನೊಂದು ಉಂಟಲ್ಲ, ಕಾಂಬೋ ಹಾಳಾದ್ರೆ ಎರಡೂ ಹೋಯ್ತು. ಯುರೋಪಲ್ಲಿ 2025ರ ಜುಲೈ 1ರಿಂದ ಬರೀ ಹೀಟರ್ ಇರುವ ಡ್ರೈಯರನ್ನು ಹೊಸತಾಗಿ ಮಾರ್ಕೆಟಿಗೆ ತರುವ ಹಾಗೇ ಇಲ್ಲ, ಅಷ್ಟರ ಮಟ್ಟಿಗೆ ಹೀಟ್ ಪಂಪ್ ಟೆಕ್ನಾಲಜಿ ಅಲ್ಲಿ ಪಳಗಿದ್ದು, ಹೆದರ್ಲಿಕ್ಕೆ ಎಂತದೂ ಇಲ್ಲ.

ಬಟ್ಟೆಗೆ ಕೂಡ ಒಳ್ಳೇದು. ಹೀಟರಲ್ಲಿ 70 ಡಿಗ್ರಿ ಆಸುಪಾಸು ಬಿಸಿ, ಇದರಲ್ಲಿ 50ರ ಹತ್ರ. ಮಗುವಿನ ಕಾಟನ್ ಬಟ್ಟೆ ಅಷ್ಟು ಬೇಗ ಕುಗ್ಗುದಿಲ್ಲ. ಅದಕ್ಕೇ ಟೈಮ್ ಜಾಸ್ತಿ, ದಪ್ಪ ಬೈರಾಸು ಜೀನ್ಸ್ ಎಲ್ಲ ಸೇರಿಸಿ ಹಾಕಿದ್ರೆ ಮೂರು ಗಂಟೆ ಆಗ್ತದೆ. ತೆಗೆದ ಕೂಡ್ಲೆ ಮುಟ್ಟಿದ್ರೆ ಚೂರು ಚಂಡಿ ಉಂಟೋ ಅಂತ ಅನಿಸ್ತದೆ, ಅದು ಬಿಸಿಯ ಮೋಸ, ಕೊಡವಿ ಐದು ನಿಮಿಷ ಬಿಡಿ. ನಮ್ಮ ಅತ್ತೆ ಮೊದಲ ತಿಂಗಳು ಅದನ್ನೆಲ್ಲ ಪುನಃ ಹಗ್ಗಕ್ಕೆ ಹಾಕ್ತಾ ಇದ್ರು. ಈಗ ಅವರೇ ಫಿಲ್ಟರ್ ತೆಗೆದು ನಯ ಕೊಡವುದು, ನನಗಿಂತ ಶಿಸ್ತು.

ಸೀರೆ ಮಾತ್ರ ಹಾಕ್ಬೇಡಿ. ಹಗ್ಗದ ಹಾಗೆ ಸುತ್ತಿ ಬರ್ತದೆ, ಒಳಗೆ ಚಂಡಿ ಹೊರಗೆ ಒಣಗಿದ್ದು.

ಮಲ್ಪೆ_ಬದಿ:

ಕಡಲ ಹತ್ರದವರು ಒಂದು ನೆನಪಿಡಿ, ಬಾಲ್ಕನಿಯಲ್ಲಿ ಇಟ್ರೆ ಉಪ್ಪು ಗಾಳಿಗೆ ಬಾಡಿ ತುಕ್ಕು ಹಿಡೀತದೆ, ಎಸಿ ಔಟ್‌ಡೋರ್ ಹೇಗೆ ತಿಂದು ಹೋಗ್ತದೆ ನೋಡಿದ್ದೀರಲ್ಲ. ನಮ್ಮ ವಾಷಿಂಗ್ ಮೆಷಿನಿನ ಬೋರ್ಡ್ ಎರಡು ಸಲ ಹೋಗಿದೆ, ಒಮ್ಮೆ ಸಿಡಿಲಿಗೆ, ಒಮ್ಮೆ ಹಲ್ಲಿ ಒಳಗೆ ಹೋಗಿ ಸತ್ತು. ಎರಡಕ್ಕೂ ವಾರಂಟಿ ಇಲ್ಲ ಅಂದ್ರು. ಪಾರ್ಟ್ ಬರ್ಲಿಕ್ಕೆ 22 ದಿನ, ಅದೂ ಜುಲೈಯಲ್ಲಿ. ಸಿಡಿಲು ಶುರು ಆದ್ರೆ ಪ್ಲಗ್ ತೆಗೆದುಬಿಡಿ.

ಗೋಳಿಬಜೆ_ಕದ್ರಿ:

ಎಲ್ರಿಗೂ ಭಯಂಕರ ಥ್ಯಾಂಕ್ಸ್. ಬಿಲ್ಲು ತೆಗೆದು ನೋಡಿದೆ, ಕಳೆದ ಮಳೆಗಾಲದಲ್ಲಿ 140 ಒಳಗೇ ಉಂಟು, ಅಂದ್ರೆ ಹೀಟರ್ ಕಾಂಬೋ ನಮಗೆ ಆಗುದೇ ಇಲ್ಲ. ಕಾಂಬೋ ಬೇಡ ಅಂತ ಹೆಂಡ್ತಿ ಮೊದಲೇ ಹೇಳಿದ್ಳು, ಈಗ ಅಕ್ಕ ಹೇಳಿದ್ದನ್ನು ಓದಿಸಿದೆ, "ನಾನು ಹೇಳಿದ್ರೆ ಕೇಳುದಿಲ್ಲ, ನೆಟ್ಟಲ್ಲಿ ಹೇಳಿದ್ರೆ ಕೇಳ್ತೀರಿ" ಅಂತ ಒಂದು ಮಾತು ಬಿತ್ತು. ಬೇರೆ ಬೇರೆ ತಗೊಳ್ಳುದು ಅಂತ ಆಗಿದೆ, ಆದ್ರೆ ಎರಡೂ ಒಟ್ಟಿಗೆ ಈ ವರ್ಷ ಕಷ್ಟ. ಮಳೆ ಹಿಡಿದಾಯ್ತು, ಅಷ್ಟರವರೆಗೆ ಎಂತ ಮಾಡುದು?

ಫ್ರಿಡ್ಜ್_ಬಾವ:

ಬೆಡ್‌ರೂಮಲ್ಲಿ ಎಸಿ ಉಂಟಾ? ಸ್ಟ್ಯಾಂಡ್ ಅಲ್ಲಿ ಇಟ್ಟು, ಬಾಗಿಲು ಕಿಟಕಿ ಹಾಕಿ, ಡ್ರೈ ಮೋಡಲ್ಲಿ ಬಿಟ್ಟು ಫ್ಯಾನ್ ಹಾಕಿ. ಹೀಟ್ ಪಂಪ್ ಮಾಡುವ ಕೆಲಸವೇ ಅದು, ಎಸಿ ಬಿಸಿಯನ್ನು ಹೊರಗೆ ಬಿಸಾಡ್ತದೆ ಅಷ್ಟೇ ವ್ಯತ್ಯಾಸ. ಇಲ್ಲದಿದ್ರೆ ಡಿಹ್ಯುಮಿಡಿಫೈಯರ್ ಸಿಗ್ತದೆ, ಸಣ್ಣ ರೂಮಿಗೆ ಸಾಕು, ಡ್ರೈಯರಿಗಿಂತ ತುಂಬ ಕಡಿಮೆ ರೇಟು, ಬೆಳಿಗ್ಗೆ ಅದರ ಟ್ಯಾಂಕಲ್ಲಿ ನೀರು ನೋಡಿದ್ರೆ ನಿಮಗೇ ಆಶ್ಚರ್ಯ ಆಗ್ತದೆ, ಇಷ್ಟೆಲ್ಲ ನಮ್ಮ ರೂಮಲ್ಲಿ ಇತ್ತಾ ಅಂತ. ಫ್ಯಾನ್ ಒಂದೇ ಹಾಕಿದ್ರೆ ಒಳಗಿನ ಚಂಡಿ ಗಾಳಿಯೇ ಸುತ್ತುದು, ಅದಕ್ಕೇ ನಿಮ್ಮ ಬೈರಾಸು ಮೂರು ದಿನ ತಗೊಂಡದ್ದು.

ಮೊದಲು ವಾಷಿಂಗ್ ಮೆಷಿನ್ ತಗೊಳ್ಳಿ, 1400 ಸ್ಪಿನ್‌ನದ್ದು. ಮೇಲೆ ಕೂರುವ ಡ್ರೈಯರ್ ಅದೇ ಕಂಪನಿಯದ್ದು ಉಂಟಾ ಅಂತ ಈಗಲೇ ಕೇಳಿ, ಸ್ಟ್ಯಾಕಿಂಗ್ ಕಿಟ್ ಹೆಚ್ಚಾಗಿ ಬೇರೆ ಕಂಪನಿಯದ್ದಕ್ಕೆ ಕೂರುದಿಲ್ಲ. ಮತ್ತೆ ಸರ್ವಿಸ್‌ನವರು ಮಂಗಳೂರಲ್ಲೇ ಇದ್ದಾರಾ, ಬೆಂಗಳೂರಿಂದ ಬರ್ಬೇಕಾ ಅಂತ ಕೂಡ.

ಗೋಳಿಬಜೆ_ಕದ್ರಿ:

ಎಸಿ ಉಂಟು ಬಾವ, ಇವತ್ತು ರಾತ್ರಿಯೇ ನೋಡ್ತೇನೆ. ಯುಟಿಲಿಟಿ ಬಾಗಿಲು ಅಳತೆ ಮಾಡಿದೆ, 25 ಇಂಚು, ಮೆಷಿನ್ 60 ಸೆಂಟಿಮೀಟರ್, ಹೋಗ್ತದೆ ಅಂತ ಕಾಣ್ತದೆ.

ಫ್ರಿಡ್ಜ್_ಬಾವ:

ಬಾಗಿಲಿನ ದಂಡೆ ಬಿಟ್ಟು ಒಳಗಿನ ಅಳತೆ ತಗೊಳ್ಳಿ. ಹಿಂದೆ ಪೈಪಿಗೆ ನಾಲ್ಕು ಇಂಚು ಬೇರೆ ಬೇಕು.