ಪಾಯಿಂಟ್ಸ್ ಯಾರ ದುಡ್ಡು?

ನ್ಯೂಜೆರ್ಸಿ ಅಕ್ಕ: ಇಲ್ಲಿನ ಔಷಧಿ ಅಂಗಡಿಯಲ್ಲಿ ಅಂಟಿಸಿದ್ದ ಸೂಚನೆಯ ಫೋಟೋವನ್ನು ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ್ದೇನೆ. ಮೆಡಿಕೇರ್, ಮೆಡಿಕೇಡ್‌ನಂಥ ಸರ್ಕಾರಿ ಯೋಜನೆಗಳ ಹಣದಲ್ಲಿ ಕೊಳ್ಳುವ ಔಷಧಿಗೆ ರಿವಾರ್ಡ್ ಪಾಯಿಂಟ್ಸ್ ಸಿಗುವುದಿಲ್ಲ ಎಂದು ಬರೆದಿದೆ.

ಜಯನಗರ ಚಿಕ್ಕಪ್ಪ: ನೋಡಿದಿರಾ? ಅಲ್ಲಿ ಮೊದಲೇ ಬೋರ್ಡು ಹಾಕಿ ಹೇಳುತ್ತಾರೆ. ನಮ್ಮಲ್ಲಿ ಪಾಯಿಂಟ್ಸ್ ಕೊಟ್ಟು, ಬಳಸಲು ಬಿಟ್ಟು, ಆಮೇಲೆ ಕ್ಲೇಮಿಗೆ ಕತ್ತರಿ ಹಾಕುತ್ತಾರೆ. ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ನಾನು ಕೊಂಡ ಔಷಧಿಯ ಎಂಆರ್‌ಪಿ 1,840 ರೂಪಾಯಿ. ವಿಮೆಯವರು ಮಂಜೂರು ಮಾಡಿದ್ದು 1,400.

ಮಲ್ಲೇಶ್ವರ ದೊಡ್ಡಪ್ಪ: ನೀನು ಕಳಿಸಿದ ಬಿಲ್ಲಿನ ಕೆಳಭಾಗವನ್ನು ಓದು. 15 ಪರ್ಸೆಂಟ್ ರಿಯಾಯಿತಿ 276, ಪಾಯಿಂಟ್ಸ್‌ನಿಂದ ಕಳೆದದ್ದು 164, ನೀನು ಕೊಟ್ಟದ್ದು 1,400. ಆಸ್ಪತ್ರೆಯಿಂದ ಬಂದ ನಂತರದ ಔಷಧಿಗೂ ಹಣ ಬರುತ್ತದೆ, ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಆ ಅವಧಿ 60 ದಿನ. ಆದರೆ ವಿಮೆ ತುಂಬಿಕೊಡುವುದು ಕೈಯಿಂದ ಹೋದ ಹಣವನ್ನೇ ಹೊರತು ಪೊಟ್ಟಣದ ಮೇಲಿನ ಬೆಲೆಯನ್ನಲ್ಲ.

ಜಯನಗರ ಚಿಕ್ಕಪ್ಪ: ರಿಯಾಯಿತಿಯ 276 ರೂಪಾಯಿಯ ಮಾತು ಬಿಡು ಅಣ್ಣ, ಅದನ್ನು ಒಪ್ಪುತ್ತೇನೆ. ಆದರೆ ಆ 164 ಪಾಯಿಂಟ್ಸ್ ನಾನು ವರ್ಷವಿಡೀ ಅದೇ ಅಂಗಡಿಯಲ್ಲಿ ಸೋಪು, ಹಾರ್ಲಿಕ್ಸ್ ಕೊಂಡು ಕೂಡಿಸಿದ್ದು. ನನ್ನ ಸೋಪಿನ ಲಾಭ ವಿಮಾ ಕಂಪನಿಗೆ ಏಕೆ ಹೋಗಬೇಕು?

ನಾನು: ಚಿಕ್ಕಪ್ಪನ ಮಾತಿನಲ್ಲಿ ಹುರುಳಿದೆ. ಇದೇ ಬಿಲ್ಲನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ, ಬ್ಯಾಂಕಿನಿಂದ ಕ್ಯಾಶ್‌ಬ್ಯಾಕ್ ಪಡೆದಿದ್ದರೆ ಅದು ಬಿಲ್ಲಿನಲ್ಲಿ ಕಾಣುತ್ತಲೇ ಇರಲಿಲ್ಲ, ಯಾರೂ ಕಳೆಯುತ್ತಲೂ ಇರಲಿಲ್ಲ. ಎರಡೂ ಖರೀದಿಯಿಂದ ಬಂದ ಲಾಭವೇ.

ಮಲ್ಲೇಶ್ವರ ದೊಡ್ಡಪ್ಪ: ಬ್ಯಾಂಕು ಕೊಡುವುದು ಬ್ಯಾಂಕಿನ ಲೆಕ್ಕ. ಇಲ್ಲಿ ಔಷಧಿಯ ಬೆಲೆಯನ್ನು ಇಳಿಸಿದ್ದು ಅಂಗಡಿಯವನೇ. ಇಳಿದ ಬೆಲೆಯ ಬಿಲ್ಲನ್ನು ಲಗತ್ತಿಸಿ ಪೂರ್ತಿ ಬೆಲೆ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ನ್ಯೂಜೆರ್ಸಿ ಅಕ್ಕ: ಚಿಕ್ಕಪ್ಪ, ನನ್ನ ಫೋಟೋವನ್ನು ನಿಮ್ಮ ವಾದಕ್ಕೆ ಸಾಕ್ಷಿ ಮಾಡಬೇಡಿ. ಇಲ್ಲಿ ಅಂಗಡಿಗೆ ಹಣ ಕೊಡುವುದು ಸರ್ಕಾರ. ಆ ಹಣಕ್ಕಾಗಿ ರೋಗಿಗೆ ಆಮಿಷ ತೋರಿಸಿ ತನ್ನತ್ತ ಸೆಳೆಯಬಾರದೆಂಬುದು ಕಾನೂನಿನ ಆಶಯ. ಎಲ್ಲ ಗಿರಾಕಿಗಳಿಗೂ ಒಂದೇ ಷರತ್ತಿನಲ್ಲಿ ಕೊಡುವ ರಿವಾರ್ಡ್‌ಗೆ 2010ರ ಆರೋಗ್ಯ ಕಾಯ್ದೆ ವಿನಾಯಿತಿಯನ್ನೂ ಕೊಟ್ಟಿದೆ, ಆದರೂ ದಂಡಕ್ಕೆ ಹೆದರಿ ಎಷ್ಟೋ ಅಂಗಡಿಗಳು ಸರ್ಕಾರಿ ಹಣದ ಔಷಧಿಗಳನ್ನು ರಿವಾರ್ಡ್‌ನಿಂದ ಹೊರಗಿಡುತ್ತವೆ. ನಿಮ್ಮದು ಮೊದಲು ನೀವೇ ಕಟ್ಟಿ ಆಮೇಲೆ ಕೇಳುವ ವ್ಯವಹಾರ, ಅಲ್ಲಿ ಆಮಿಷದ ಪ್ರಶ್ನೆಯೇ ಬಂದಿಲ್ಲ.

ಜಯನಗರ ಚಿಕ್ಕಪ್ಪ: ಹಾಗಾದರೆ ಕೂಡಿಸಿದ ಪಾಯಿಂಟ್ಸ್‌ಗೆ ಉಪ್ಪಿನಕಾಯಿ ಹಾಕಲೇ?

ವಿಜಯನಗರ ಅತ್ತೆ: ಇಷ್ಟು ಹೊತ್ತು ಓದಿ ಸಾಕಾಯಿತು. ವೈದ್ಯರ ಚೀಟಿಯ ಔಷಧಿಗೆ ಒಂದು ಬಿಲ್ಲು, ಸೋಪು ಹಾರ್ಲಿಕ್ಸ್‌ಗೆ ಇನ್ನೊಂದು ಬಿಲ್ಲು ಮಾಡಿಸು. ಪಾಯಿಂಟ್ಸನ್ನು ಎರಡನೆಯದಕ್ಕೆ ಕಳೆಯಲು ಹೇಳು. ಔಷಧಿಗೆ ಪೂರ್ತಿ ಹಣ ನೀನೇ ಕಟ್ಟಿರುತ್ತೀಯ, ಕೇಳುವುದೂ ಅಷ್ಟನ್ನೇ; ಇದರಲ್ಲಿ ಸುಳ್ಳೆಲ್ಲಿದೆ? ಬೆರಕೆ ಬಿಲ್ಲು ಕಳಿಸಿದರೆ ಹಾರ್ಲಿಕ್ಸ್ ಏಕೆಂದು ಇನ್ನೊಂದು ಪ್ರಶ್ನೆ ಬರುತ್ತದೆ, ಅದಕ್ಕೂ ನೀನು ಇಲ್ಲಿಯೇ ಬರೆಯುತ್ತೀಯ.

ಮಲ್ಲೇಶ್ವರ ದೊಡ್ಡಪ್ಪ: ಇದಕ್ಕೆ ನನ್ನ ತಕರಾರಿಲ್ಲ.

ಜಯನಗರ ಚಿಕ್ಕಪ್ಪ: ಮುಂದಿನ ಸಲ ಹಾಗೆಯೇ ಮಾಡುತ್ತೇನೆ ಅಕ್ಕ. ಈ 164ಕ್ಕೆ ಮಾತ್ರ ಒಂದು ಪತ್ರ ಬರೆದೇ ತೀರುತ್ತೇನೆ.